ಗುರುತು ಸಿಗುವಷ್ಟು ಮಸುಕು ಸಾಕು

ಹೂಮಳೆ ಬಿದ್ದು ಎಂಟು-ಹತ್ತು ದಿನ ಆಯ್ತು ಅಂದ್ರೆ ಕಾಫಿ ಹೂವಿನ ಫೋಟೋಗಳ ಸುರಿಮಳೆ ಶುರು. ವಾರದ ಕೊನೆಗೆ ಚಿಕ್ಕಮಗಳೂರು ನೋಡಲು ಹೋದವರು, ಮೂಡಿಗೆರೆ-ಕಳಸದ ನೆಂಟರ ಮನೆಗೆ ಹೋದವರು, ಬೆಂಗಳೂರಿಂದ ರಜೆಗೆ ಬಂದ ತೋಟದ ಮಕ್ಕಳು, ಎಲ್ಲರೂ ಹಾಕ್ತಾರೆ. ಹೂ ನಿಲ್ಲೋದು ಎರಡು-ಮೂರು ದಿನ, ಫೋಟೋ ನಿಲ್ಲೋದು ಮುಂದಿನ ಹೂವಿನ ತನಕ. ಬಹುಪಾಲು ಎಲ್ಲವೂ ಒಂದೇ ಥರ. ಮುಂದುಗಡೆ ಒಂದು ಬಿಳಿ ಗೊಂಚಲು, ಹಿಂದುಗಡೆ ಬೆಣ್ಣೆ ಸವರಿದ ಹಾಗೆ ನುಣ್ಣನೆ ಹಸಿರು. ಕೆಳಗೆ "ವಾವ್", "ಸೂಪರ್ ಬೊಕೆ ಗುರುವೇ", "ಯಾವ ಲೆನ್ಸು?"

ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ. ಚೆನ್ನಾಗೇ ಇರತ್ತೆ. ನನ್ನ ತಕರಾರು ಬೇರೆ. ಆ ಹಸಿರು ಏನದು? ಪಕ್ಕದ ಕಾಫಿ ಸಾಲಾ, ಹಲಸಿನ ಮರಾನಾ, ಹೋಂಸ್ಟೇಯವರ ಲಾನಾ? ಲಾಲ್‌ಬಾಗಿನಲ್ಲಿ ಒಂದು ಕಾಫಿ ಗಿಡ ಇಟ್ಟು ತೆಗೆದರೂ ಇದೇ ಫೋಟೋ ಬರತ್ತೆ. ಅಷ್ಟಕ್ಕೆ ಚಾರ್ಮಾಡಿ ಹತ್ತಿ ಅಥವಾ ಬೇಲೂರು ದಾಟಿ ಇಲ್ಲಿವರೆಗೂ ಯಾಕೆ ಬರಬೇಕಿತ್ತು? ಹೋಗಲಿ, ಅದು ಅರೇಬಿಕಾನಾ ರೋಬಸ್ಟಾನಾ ಅಂತಾದ್ರೂ ಗೊತ್ತಾಗತ್ತಾ? ರೋಬಸ್ಟಾ ಎಲೆ ದೊಡ್ಡದು, ನಿರಿಗೆ ನಿರಿಗೆಯಾಗಿರತ್ತೆ. ಅರೇಬಿಕಾ ಎಲೆ ಚಿಕ್ಕದು, ಹೊಳೆಯತ್ತೆ. ಆ ಎಲೆಗಳೇ ಹಸಿರು ಪಾಯಸದಲ್ಲಿ ಕರಗಿಹೋಗಿದ್ದರೆ ಏನು ಹೇಳೋದು!

ಗಿಡದ ಕ್ಲೋಸಪ್ಪಿನಲ್ಲಿ ಹಿನ್ನೆಲೆಯನ್ನ ಪೂರ್ತಿ ಅಳಿಸಿಹಾಕೋದು ಒಂದು ರೂಢಿ ಆಗಿಬಿಟ್ಟಿದೆ, ಅದೊಂದೇ ಸರಿಯಾದ ದಾರಿ ಅನ್ನೋ ಹಾಗೆ. ನನಗೆ ಹಾಗನ್ನಿಸೋದಿಲ್ಲ. ಹಕ್ಕಿ ಇವತ್ತು ಈ ಕೊಂಬೆ, ನಾಳೆ ಆ ಕೊಂಬೆ. ಗಿಡ ಹಾಗಲ್ಲವಲ್ಲ. ಹುಟ್ಟಿದ ಜಾಗದಲ್ಲೇ ಅದರ ಜೀವನ. ಯಾವ ಮಣ್ಣು, ಯಾವ ನೆರಳು, ಯಾರ ಮೈಮೇಲೆ, ಯಾರ ಪಕ್ಕದಲ್ಲಿ ಅನ್ನೋದೆಲ್ಲ ಸೇರಿಯೇ ಅದು ಗಿಡ. ಅದನ್ನ ಬಿಟ್ಟು ಹೂವೊಂದನ್ನೇ ಎತ್ತಿ ತೋರಿಸಿದರೆ ಗಿಡದ ಅರ್ಧ ಫೋಟೋ ತೆಗೆದ ಹಾಗೆ.

ಈ ರೂಢಿ ಎಲ್ಲಿಂದ ಬಂತು ಅಂತ ನನ್ನದೊಂದು ಅನುಮಾನ ಇದೆ. ನಮ್ಮಲ್ಲಿ ಕಾಡಿನ ಫೋಟೋಗ್ರಫಿ ಬೆಳೆದದ್ದು ಪ್ರಾಣಿ ಪಕ್ಷಿಗಳ ಹಿಂದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಬೆಂಗಳೂರಿನಲ್ಲಿ ಕಟ್ಟಿದ ಪರಂಪರೆ ಒಂದು ಕಡೆ. ನಮ್ಮ ಮೂಡಿಗೆರೆಯಲ್ಲಿ ತೇಜಸ್ವಿ ಇನ್ನೊಂದು ಕಡೆ. 2007ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡ ಮೇಲೂ ಅವರ ಹಕ್ಕಿ ಚಿತ್ರ ನೋಡಿ ಕ್ಯಾಮೆರಾ ಹಿಡಿದವರು ಈ ಕಡೆ ಎಷ್ಟು ಜನ! ಹಕ್ಕಿ ತೆಗೀಬೇಕಾದ್ರೆ ಉದ್ದ ಟೆಲಿ ಲೆನ್ಸ್ ಬೇಕು, ಬೆಳಕು ಸಾಲದು ಅಂತ ಅಪರ್ಚರ್ ಪೂರ್ತಿ ತೆರೀಬೇಕು, ಆಗ ಹಿನ್ನೆಲೆ ತಾನಾಗಿಯೇ ಮಸುಕಾಗತ್ತೆ. ಹಕ್ಕಿಗೆ ಅದು ಅನಿವಾರ್ಯ, ಬಹಳ ಸಲ ಅನುಕೂಲ ಕೂಡ. ಆ ಅನಿವಾರ್ಯವನ್ನೇ ನಾವು ಸೌಂದರ್ಯದ ನಿಯಮ ಮಾಡಿಕೊಂಡು ಗಿಡಕ್ಕೂ ತಂದು ಹಾಕಿದ್ದೀವಿ ಅಂತ ನನಗನ್ಸತ್ತೆ. ಗಿಡ ಓಡಿಹೋಗೋದಿಲ್ಲ ಮಾರಾಯ್ರೇ! ನಿಧಾನವಾಗಿ ಕೂತು ಎಫ್ 11 ಹಾಕಬಹುದು.

ಸ್ವಲ್ಪ ಲೆಕ್ಕ ನೋಡೋಣ, ಬೇಜಾರಾದ್ರೆ ಮುಂದಿನ ಪ್ಯಾರಾಕ್ಕೆ ಹಾರಿ :-)

ಕ್ಯಾಮೆರಾ ಫೋಕಸ್ ಮಾಡೋದು ಒಂದು ಹಾಳೆಯಂಥ ಸಮತಲಕ್ಕೆ. ಅದರ ಹಿಂದೆ ಮುಂದೆ ಒಂದಿಷ್ಟು ದೂರ ನಮ್ಮ ಕಣ್ಣಿಗೆ ಸ್ಪಷ್ಟವಾಗೇ ಕಾಣತ್ತೆ. ಆ ದಪ್ಪವೇ ಡೆಪ್ತ್ ಆಫ್ ಫೀಲ್ಡ್. ಹತ್ತಿರ ಹೋದಷ್ಟೂ ಅದು ತೆಳುವಾಗ್ತಾ ಹೋಗತ್ತೆ. ಸಾಮಾನ್ಯ ಡಿಎಸ್ಎಲ್ಆರ್‌ನಲ್ಲಿ (ಎಪಿಎಸ್-ಸಿ ಸೆನ್ಸರ್ ಅಂದ್ಕೊಳ್ಳಿ) ವಸ್ತು ಇದ್ದಷ್ಟೇ ದೊಡ್ಡದಾಗಿ ಸೆನ್ಸರ್ ಮೇಲೆ ಬೀಳುವ ಹಾಗೆ, ಅಂದ್ರೆ 1:1ರಲ್ಲಿ ತೆಗೆದರೆ, ಎಫ್ 8ರಲ್ಲೂ ಸ್ಪಷ್ಟ ಇರೋ ದಪ್ಪ ಒಂದು ಮಿಲಿಮೀಟರ್ ಕೂಡ ಇಲ್ಲ. ಎಫ್ 16ಕ್ಕೆ ಹೋದರೆ ಒಂದು ಮಿಲಿಮೀಟರ್ ಚಿಲ್ಲರೆ. ಕಾಫಿ ಹೂವಿನ ಕೇಸರದ ತುದಿಯಿಂದ ಹಿಂದಿನ ತೊಟ್ಟಿನ ತನಕ ಒಂದು ಸೆಂಟಿಮೀಟರಿಗಿಂತ ಹೆಚ್ಚಿದೆ. ಅಲ್ಲಿಗೆ ಎದುರಿಂದ ತೆಗೆದರೆ ಒಂದು ಹೂವು ಕೂಡ ಪೂರ್ತಿ ಸ್ಪಷ್ಟವಾಗಿ ಬರೋಲ್ಲ, ಗೊಂಚಲಿನ ಮಾತು ಬಿಡಿ. ಅಪರ್ಚರ್ ಇನ್ನೂ ಕಿರಿದು ಮಾಡೋಣ ಅಂದ್ರೆ ಅದಕ್ಕೂ ಮಿತಿ ಇದೆ. 1:1ರಲ್ಲಿ ಎಫ್ 16 ಅಂದರೆ ನಿಜವಾಗಿ ಎಫ್ 32ರ ಹಾಗೆ ವರ್ತಿಸತ್ತೆ. ಎರಡು ಸ್ಟಾಪ್ ಬೆಳಕು ಹೋಯ್ತು, ಜೊತೆಗೆ ಸಣ್ಣ ತೂತಿನ ಅಂಚಿನಲ್ಲಿ ಬೆಳಕು ಚೆದುರಿ ಇಡೀ ಚಿತ್ರವೇ ಮೆತ್ತಗಾಗತ್ತೆ.

ಹಾಗಾಗಿ ನನ್ನ ಮೊದಲ ಸಲಹೆ: ಅಷ್ಟು ಹತ್ತಿರ ಹೋಗಲೇಬೇಕಾ ಯೋಚನೆ ಮಾಡಿ. ಫ್ರೇಮಿನ ಅಗಲಕ್ಕೆ ಹನ್ನೆರಡು ಸೆಂಟಿಮೀಟರ್ ಜಾಗ ಬರೋ ಹಾಗೆ, ಅಂದ್ರೆ ಒಂದು ಗೊಂಚಲು ಮತ್ತು ಅದರ ಅಕ್ಕಪಕ್ಕದ ಎಲೆ ಹಿಡಿಯೋ ಹಾಗೆ ನಿಂತುಕೊಳ್ಳಿ. 100 ಎಂಎಂ ಮ್ಯಾಕ್ರೋದಲ್ಲಿ ಎಫ್ 2.8 ಹಾಕಿದರೆ ಸ್ಪಷ್ಟ ಇರೋದು ಮೂರು ಮಿಲಿಮೀಟರ್ ಚಿಲ್ಲರೆ. ಹೂವಿನ ಹಿಂದೆ ಒಂದೂವರೆ ಮೀಟರಿನಲ್ಲಿರೋ ಒಂದು ಚುಕ್ಕೆ ಚಿತ್ರದ ಅಗಲದ ಐದನೇ ಒಂದು ಭಾಗದಷ್ಟು ದೊಡ್ಡ ಬಿಲ್ಲೆಯಾಗಿ ಹರಡತ್ತೆ. ಮರ, ಗಿಡ, ಆಕಾಶ ಎಲ್ಲ ಒಂದೇ ಪಾಯಸ. ಅದೇ ಅಳತೆಯ ಚಿತ್ರವನ್ನ 50 ಎಂಎಂ ಲೆನ್ಸಿನಲ್ಲಿ, ಇನ್ನೂ ಹತ್ತಿರ ಹೋಗಿ, ಎಫ್ 11ರಲ್ಲಿ ತೆಗೀರಿ. ಸ್ಪಷ್ಟ ಇರೋ ದಪ್ಪ ಒಂದು ಸೆಂಟಿಮೀಟರ್ ದಾಟತ್ತೆ, ಹಿಂದಿನ ಚುಕ್ಕೆ ಹರಡೋದು ಅಗಲದ ನೂರರಲ್ಲಿ ಮೂರು ಭಾಗ ಮಾತ್ರ. ಹಿನ್ನೆಲೆ ಆಗಲೂ ಮಸುಕೇ. ಹೂವಿಗೆ ಅಡ್ಡ ಬರೋದಿಲ್ಲ. ಆದರೆ ಅದು ಕಾಫಿ ಸಾಲು, ಅದರ ನಡುವೆ ನಿಂತದ್ದು ಮೆಣಸಿನ ಬಳ್ಳಿ ಹಬ್ಬಿದ ಹಾಲುವಾಣದ ಮರ, ಅದರಾಚೆ ಇಳಿಜಾರು ಅಂತ ಗುರುತು ಸಿಗತ್ತೆ. ನಾನು ಹೇಳೋ ಮಸುಕು ಇದು.

ಇನ್ನೊಂದು ಮಾತು. ಒಂದೇ ಅಳತೆಯಲ್ಲಿ, ಒಂದೇ ಅಪರ್ಚರಿನಲ್ಲಿ ತೆಗೆದರೆ 50 ಆಗಲಿ 100 ಆಗಲಿ ಸ್ಪಷ್ಟತೆಯ ದಪ್ಪ ಹೆಚ್ಚುಕಮ್ಮಿ ಒಂದೇ. ಬದಲಾಗೋದು ಹಿನ್ನೆಲೆ. ಉದ್ದ ಲೆನ್ಸು ಹಿಂದಿನ ಕಿರಿದಾದ ಒಂದು ತುಂಡನ್ನ ಮಾತ್ರ ಎಳೆದು ತಂದು ದೊಡ್ಡದು ಮಾಡತ್ತೆ. ಗಿಡ್ಡ ಲೆನ್ಸು ಹಿಂದಿನ ಗುಡ್ಡವನ್ನೂ ಒಳಗೆ ಸೇರಿಸತ್ತೆ. ಅಂಗಡಿಯಲ್ಲಿ ಲೆನ್ಸ್ ಮಾರೋವಾಗ ಇದನ್ನ ಯಾರೂ ಹೇಳೋದಿಲ್ಲ, ದುಬಾರಿ ಲೆನ್ಸು ಉದ್ದದ್ದೇ ಅಲ್ವಾ...

ಸರಿ, ದಪ್ಪ ಇಷ್ಟೇ ಅಂತಾದ ಮೇಲೆ ಆ ಹಾಳೆಯನ್ನ ಎಲ್ಲಿ ಇಡೋದು ಅನ್ನೋದೇ ಕಾಂಪೊಸಿಶನ್. ಮೂರನೇ ಒಂದು ಭಾಗ, ಅಡ್ಡಗೆರೆ, ಕರ್ಣರೇಖೆ ಎಲ್ಲ ಆಮೇಲಿನ ಮಾತು. ಕಾಫಿ ರೆಕ್ಕೆ (ಅಡ್ಡ ಕೊಂಬೆಗೆ ನಮ್ಮ ಕಡೆ ಹಾಗಂತಾರೆ) ನೋಡಿ. ಗೆಣ್ಣು ಗೆಣ್ಣಿಗೆ ಹೂ ಕಟ್ಟಿಕೊಂಡು ಮಾಲೆ ಥರ ಇರತ್ತೆ. ಕೊಂಬೆಯ ತುದಿಯಿಂದ ಬುಡದ ಕಡೆಗೆ ನೋಡ್ತಾ ತೆಗೆದರೆ ಒಂದು ಗೆಣ್ಣು ಸ್ಪಷ್ಟ, ಉಳಿದದ್ದೆಲ್ಲ ಬಿಳಿ ಹತ್ತಿ. ಕ್ಯಾಮೆರಾದ ಬೆನ್ನನ್ನ ಕೊಂಬೆಗೆ ಸಮಾನಾಂತರವಾಗಿ ಹಿಡಿದರೆ ಅದೇ ಎಫ್ 11ರಲ್ಲಿ ಐದಾರು ಗೆಣ್ಣು ಸಾಲಾಗಿ ಸ್ಪಷ್ಟ ಬರತ್ತೆ. ಆಗ ಒಂದೇ ಕೊಂಬೆಯಲ್ಲಿ ಇನ್ನೂ ಅರಳದ ಮೊಗ್ಗು, ಅರಳಿದ ಹೂವು, ಕಂದು ತಿರುಗಿದ ನಿನ್ನೆಯ ಹೂವು ಸಿಕ್ಕರೆ ಸಿಗಬಹುದು. ಮಳೆ ಸಮನಾಗಿ ಬಿತ್ತಾ, ಎರಡು ಸಲ ಬಿಟ್ಟು ಬಿಟ್ಟು ಬಿತ್ತಾ ಅಂತ ತೋಟದವರು ಅಂಥ ಒಂದು ಚಿತ್ರ ನೋಡಿ ಹೇಳಿಬಿಡ್ತಾರೆ. ಹೂಮಳೆ, ಆಮೇಲೆ ಬ್ಯಾಕಿಂಗ್ ಮಳೆ, ಇವೆರಡರ ಮೇಲೆ ವರ್ಷದ ಫಸಲು ನಿಂತಿರೋ ಊರಲ್ಲಿ ಅದು ಸಣ್ಣ ಸುದ್ದಿಯಲ್ಲ. ತಾರೀಖು ಹಾಕಿ ಹತ್ತು ವರ್ಷ ಇಂಥ ಫೋಟೋ ಇಟ್ಟುಕೊಂಡವರ ಹತ್ತಿರ ಏನೆಲ್ಲ ಇರತ್ತೆ ಯೋಚನೆ ಮಾಡಿ.

ಮಳೆಗಾಲದಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯೋ ರಸ್ತೆ, ಕಳಸದಿಂದ ಕುದುರೆಮುಖದ ಕಡೆ ಹೋಗೋ ರಸ್ತೆ, ಎರಡೂ ಕಡೆ ಧರೆಯ ಮೇಲೆ ನೀರು ಜಿನುಗೋ ಜಾಗದಲ್ಲೆಲ್ಲ ಕಾಡು ಕರ್ಣಕುಂಡಲ ಅರಳಿರತ್ತೆ. ಗುಲಾಬಿ, ನೇರಳೆ, ಬಿಳಿ. ಎಲ್ಲರೂ ಎದುರಿಂದ ಮುಖ ತೆಗೀತಾರೆ, ಪಾಸ್‌ಪೋರ್ಟ್ ಫೋಟೋ ಥರ. ಈ ಜಾತಿಯ ಹೂವಿಗೆ ಹಿಂದುಗಡೆ ಒಂದು ಸಣ್ಣ ಬಾಲ ಇರತ್ತೆ, ಮಕರಂದ ತುಂಬಿದ ಕೊಳವೆ. ಕೆಲವಕ್ಕೆ ಉದ್ದ ದಾರದ ಹಾಗೆ, ಕೆಲವಕ್ಕೆ ಗಿಡ್ಡ, ಕೆಲವಕ್ಕೆ ಬಾಗಿರತ್ತೆ. ಪಶ್ಚಿಮಘಟ್ಟದಲ್ಲಿ ಇಂಪೇಶನ್ಸ್ ಕುಲದ ಪ್ರಭೇದಗಳು ಹತ್ತಾರು, ಅವುಗಳಲ್ಲಿ ಬಹಳಷ್ಟು ಬೇರೆಲ್ಲೂ ಇಲ್ಲ. ಅವನ್ನ ಬೇರೆ ಬೇರೆ ಅಂತ ಗುರುತಿಸೋದಕ್ಕೆ ಈ ಬಾಲ ಬಹಳ ಮುಖ್ಯ. ಎದುರಿಂದ, ಎಫ್ 2.8ರಲ್ಲಿ ತೆಗೆದ ಫೋಟೋದಲ್ಲಿ ಮೊದಲು ಮಾಯವಾಗೋದೇ ಅದು. ಪಕ್ಕದಿಂದ, ಬಾಲವೂ ದಳವೂ ಒಂದೇ ಹಾಳೆಯಲ್ಲಿ ಬರೋ ಹಾಗೆ ಕೂತು ತೆಗೆದರೆ ಚಿತ್ರಕ್ಕೆ ಒಂದು ಗೆರೆಯ ಚಂದವೂ ಬರತ್ತೆ. ತೇಲ್ತಾ ಇರೋ ದೋಣಿಯ ಹಾಗೆ ಕಾಣತ್ತೆ ಹೂವು. ಚಂದ ಬೇರೆ, ಮಾಹಿತಿ ಬೇರೆ ಅಂತ ಜಗಳ ಆಡೋರಿಗೆ ನಾನು ತೋರಿಸೋ ಹೂವು ಇದು.

2022ರಲ್ಲಿ ಚಂದ್ರದ್ರೋಣ ಪರ್ವತದ ಇಳಿಜಾರುಗಳು ಕುರಿಂಜಿಯಿಂದ ನೀಲಿಯಾದಾಗ ಏನಾಯ್ತು ನೆನಪು ಮಾಡ್ಕೊಳ್ಳಿ. ಮುಳ್ಳಯ್ಯನಗಿರಿ ರಸ್ತೆ ತುಂಬ ಕಾರು, ಕೈ ತುಂಬ ಕ್ಯಾಮೆರಾ. ಎಷ್ಟು ಫೋಟೋ ಬಂತು ಲೆಕ್ಕ ಇಟ್ಟವರಿಲ್ಲ. ಎಲ್ಲದರ ಕೆಳಗೂ ನೀಲಕುರಿಂಜಿ ಅಂತ ಒಂದೇ ಹೆಸರು. ಸ್ಟ್ರೋಬಿಲಾಂಥಸ್ ಕುಲದಲ್ಲೂ ನಮ್ಮ ಘಟ್ಟದಲ್ಲಿ ಹತ್ತಾರು ಬಗೆ ಇವೆ. ಮುನ್ನಾರಿನಲ್ಲಿ 2018ರಲ್ಲಿ ಅರಳಿದ್ದು ಕುಂತಿಯಾನ. ಇನ್ನೊಂದರ ಹೆಸರು ಸೆಸಿಲಿಸ್, ಅಂದರೆ ಎಲೆಗೆ ತೊಟ್ಟಿಲ್ಲದ್ದು, ಕಾಂಡಕ್ಕೇ ಅಂಟಿಕೊಂಡಿರೋದು. ಹೆಸರಲ್ಲೇ ಗುರುತು ಹೇಳಿಬಿಟ್ಟಿದ್ದಾರೆ! ಎಲೆ ಕಾಂಡಕ್ಕೆ ಹೇಗೆ ಸೇರಿದೆ ಅಂತ ಒಂದು ಫೋಟೋ ಸ್ಪಷ್ಟವಾಗಿದ್ದರೂ ಸಾಕಿತ್ತು, ಮನೆಯಲ್ಲಿ ಕೂತವರಿಗೂ ಸುಲಭವಾಗ್ತಿತ್ತು. ನೀವು ತೆಗೆದದ್ದು ಇದ್ದರೆ ಈಗಲೇ ತೆರೆದು ನೋಡಿ, ಎಲೆಯ ಬುಡ ಕಾಣತ್ತಾ? ವರ್ಷಗಟ್ಟಲೆ ಕಾದು ಒಮ್ಮೆ ಅರಳೋ ಗಿಡ ಅದು. ನಾಳೆ ಹೋಗಿ ಇನ್ನೊಂದು ಸಲ ತೆಗೀತೀನಿ ಅನ್ನೋಕೆ ಆಗೋದಿಲ್ಲ.

ಈಗ ಸೀತಾಳೆ ದಂಡೆಯ ಕತೆ. ಬೆಂಗಳೂರಿನ ಗೆಳೆಯನೊಬ್ಬ ಮಳೆ ಹಿಡಿಯೋಕೆ ಮುಂಚೆ ನಮ್ಮ ಕಡೆ ಬಂದಿದ್ದ. ತೋಟ ಸುತ್ತಿ ಒಳ್ಳೊಳ್ಳೆ ಚಿತ್ರ ತೆಗೆದ. ಸೀತಾಳೆ ದಂಡೆಯದ್ದಂತೂ ಕ್ಯಾಲೆಂಡರಿಗೆ ಹಾಕೋ ಹಾಗಿತ್ತು. ಗುಲಾಬಿ ಚುಕ್ಕೆಯ ಹೂಗಳ ಜಡೆ, ಹಿಂದೆ ಕಪ್ಪು ಹಸಿರು, ಇನ್ನೇನೂ ಇಲ್ಲ. ಜಗುಲಿ ಮೇಲೆ ಕೂತಿದ್ದ ದೊಡ್ಡಪ್ಪನಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದ. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ನೋಡಿ, "ಚಂದ ಇದೆ ಕಣಪ್ಪ. ಯಾವ ಮರದಲ್ಲಿತ್ತು ಇದು?" ಅಂದ್ರು.

"ಮರ ಬರಬಾರದು ಅಂತಲೇ ಆ್ಯಂಗಲ್ ಹುಡುಕಿದ್ದು ಅಂಕಲ್!"

"ಮರ ಬಿಟ್ಟು ಅದೆಲ್ಲಿರತ್ತಪ್ಪಾ?"

ಅವನು ನಕ್ಕ, ನಾವೂ ನಕ್ಕೆವು. ದೊಡ್ಡಪ್ಪ ಮಾತ್ರ ತಮಾಷೆಗೆ ಕೇಳಿದ್ದಲ್ಲ. ಅವರಿಗೆ ಗೊತ್ತಾಗಬೇಕಿತ್ತು. ಮಳೆಗೆ ಮುಂಚೆ ಮರಗಸಿ ಆಗಬೇಕು, ನೆರಳು ಬಿಡಿಸಬೇಕು, ಆಳುಗಳು ಕತ್ತಿ ಹಿಡಿದು ಹತ್ತುವವರಿದ್ದರು. ಯಾವ ಕೊಂಬೆ ಬಿಡಬೇಕು ಅಂತ ಹೇಳೋಕೆ ಅವರು ಕೇಳಿದ್ದು. ಫೋಟೋದಿಂದ ಅದು ಸಿಗಲಿಲ್ಲ.

ಕಾಫಿ ತೋಟ ಅಂದರೆ ಕಾಡಿನ ನೆರಳಲ್ಲಿ ಬೆಳೆದ ಬೆಳೆ. ಹಲಸು, ಅತ್ತಿ, ನಂದಿ, ಹೊನ್ನೆ, ಮತ್ತಿ, ಬೀಟೆ ಇವೆಲ್ಲ ಇನ್ನೂ ತೋಟದಲ್ಲಿ ಉಳಿದಿರೋದು ಅದರಿಂದಲೇ. ಈ ಮರಗಳ ಮೈಮೇಲೆ ಪಾಚಿ, ಜರೀಗಿಡ, ಆರ್ಕಿಡ್ ಒಂದು ಊರೇ ಇರತ್ತೆ. ಆದರೆ ಎಷ್ಟೋ ತೋಟಗಳಲ್ಲಿ ಹಳೇ ಮರ ಹೋಗಿ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಬಂದಿದೆ. ಬೇಗ ಬೆಳೆಯತ್ತೆ, ನೆಟ್ಟಗೆ ಹೋಗತ್ತೆ, ಮೆಣಸು ಹಬ್ಬಿಸಬಹುದು, ಬೇಕಾದಾಗ ಕಡಿದು ಮಾರೋದೂ ಸುಲಭ. ತೋಟ ನಡೆಸೋರ ಕಷ್ಟ ನನಗೆ ಗೊತ್ತು, ಯಾರನ್ನೂ ದೂರ್ತಿಲ್ಲ. ನಾನು ಕೇಳೋದು ಇಷ್ಟೇ. ಇಪ್ಪತ್ತು ವರ್ಷದಿಂದ ನಮ್ಮ ಹಾರ್ಡ್‌ಡಿಸ್ಕುಗಳಲ್ಲಿ ಬಿದ್ದಿರೋ ಆರ್ಕಿಡ್ ಫೋಟೋಗಳಲ್ಲಿ ಹಿಂದಿನ ತೊಗಟೆ ಕಾಣೋ ಹಾಗಿದ್ದಿದ್ದರೆ, ಯಾವ ಹೂ ಯಾವ ಮರ ಹಿಡಿಯತ್ತೆ, ಯಾವ ಮರ ಹೋದ ಮೇಲೆ ಯಾವ ಹೂ ಕಾಣಿಸಲಿಲ್ಲ ಅಂತ ನಮ್ಮ ನಮ್ಮಲ್ಲೇ ಹೇಳಬಹುದಿತ್ತು. ಹಲಸಿನ ತೊಗಟೆ, ಮತ್ತಿಯ ಮೊಸಳೆ ಚರ್ಮದಂಥ ತೊಗಟೆ, ಇವನ್ನ ಅರ್ಧ ಮಸುಕಿನಲ್ಲೂ ಗುರುತಿಸಬಹುದು. ಪೂರ್ತಿ ಮಸುಕಿನಲ್ಲಿ ಆಗೋದಿಲ್ಲ.

ಸ್ಪರ್ಧೆಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಫಿಯಾಪ್, ಅಮೆರಿಕದ ಪಿಎಸ್ಎ, ಇಂಗ್ಲೆಂಡಿನ ಆರ್‌ಪಿಎಸ್ ಮೂವರೂ ಒಪ್ಪಿಕೊಂಡ 'ನೇಚರ್' ವ್ಯಾಖ್ಯಾನ ಒಂದಿದೆ. ಸಲಾನುಗಳಿಗೆ ಕಳಿಸೋರಿಗೆಲ್ಲ ಅದು ಬಾಯಿಪಾಠ. ಮನುಷ್ಯ ಬೆಳೆಸಿದ ಗಿಡ, ಮನುಷ್ಯ ಮಾಡಿದ ಮಿಶ್ರತಳಿ ನೇಚರ್ ವಿಭಾಗಕ್ಕೆ ಸಲ್ಲೋದಿಲ್ಲ. ಮನುಷ್ಯನ ಕುರುಹು, ಕೆಲವು ವಿನಾಯಿತಿ ಬಿಟ್ಟರೆ, ಚಿತ್ರದಲ್ಲಿ ಇರಬಾರದು. ಕ್ರಾಪ್ ಮಾಡೋದು ಬಿಟ್ಟರೆ ಚಿತ್ರದಿಂದ ಏನನ್ನೂ ತೆಗೆಯೋ ಹಾಗಿಲ್ಲ, ಸೇರಿಸೋ ಹಾಗಿಲ್ಲ. ಮೋಸ ತಡೆಯೋಕೆ ಮಾಡಿದ ನಿಯಮ, ಒಳ್ಳೇದೇ. ಆದರೆ ನಮ್ಮ ಗುಡ್ಡಕ್ಕೆ ಇದು ಹೊಂದೋದೇ ಇಲ್ಲ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ ಎಸ್.795, ಚಂದ್ರಗಿರಿ ಎಲ್ಲ ಮಿಶ್ರತಳಿಗಳೇ. ಅಲ್ಲಿಗೆ ಕಾಫಿ ಗಿಡ ಹೊರಗೆ. ಅದೇ ಗಿಡದ ಪಕ್ಕದ ಹಲಸಿನ ಮರದ ಮೇಲಿನ ಆರ್ಕಿಡ್ ಒಳಗೆ. ಆದರೆ ಅದರ ಹಿಂದೆ ಏಣಿಯೋ, ಕಪಾತು ಮಾಡಿದ ಬೊಡ್ಡೆಯೋ, ನೀರಿನ ಪೈಪೋ ಕಂಡರೆ ಕಷ್ಟ. ಹಾಗಾಗಿ ಫೋಟೋಗ್ರಾಫರ್ ಏನು ಮಾಡ್ತಾನೆ? ಫೋಟೋಶಾಪಿನಲ್ಲಿ ಪೈಪ್ ಅಳಿಸಿದರೆ ಅನರ್ಹ, ಎಫ್ 2.8ರಲ್ಲಿ ಅಳಿಸಿದರೆ ಬಹುಮಾನ! ಎರಡೂ ಅಳಿಸೋದೇ ಅಲ್ವಾ ಅಂತ ಕೇಳಬೇಕು ಅನ್ಸತ್ತೆ. ನಮ್ಮ ಆರ್ಕಿಡ್ ಇರೋದು ತೋಟದಲ್ಲಿ, ಜನ ಓಡಾಡೋ ಜಾಗದಲ್ಲಿ. ಅದೇ ಅದರ ವಿಶೇಷ. ಕಾಡಿನ ನಡುವೆ ಒಂಟಿಯಾಗಿದೆ ಅನ್ನೋ ಹಾಗೆ ತೋರಿಸೋದು ಯಾಕೆ?

ಇದಕ್ಕಿಂತ ಕೆಟ್ಟದ್ದು ಕೈಯಿಂದ ಅಳಿಸೋದು. ಸುತ್ತಲಿನ ಹುಲ್ಲು ಕೀಳೋದು, ಅಡ್ಡ ಬಂದ ಎಲೆ ಮುರಿಯೋದು, ಪಾಚಿ ಕೆರೆಯೋದು. ಹೂವನ್ನೇ ಕಿತ್ತು ಚೆಂದದ ಕಲ್ಲಿನ ಮೇಲೆ ಇಟ್ಟು ತೆಗೆಯೋರೂ ಇದ್ದಾರೆ. ಕುದುರೆಮುಖದ ಕಡೆಯ ಹುಲ್ಲುಗಾವಲಿನ ಜೌಗಿನಲ್ಲಿ ಕೀಟ ಹಿಡಿಯೋ ಡ್ರಾಸೆರಾ ನೋಡಿರ್ತೀರಿ, ಒಂದೊಂದು ರೋಮದ ತುದಿಗೂ ಅಂಟಿನ ಹನಿ. ಅದನ್ನ ತೆಗೆಯೋಕೆ ಅಂತ ನೆಲದ ಮೇಲೆ ಉದ್ದಕ್ಕೆ ಮಲಗಿದರೆ ಮೊಣಕೈ ಕೆಳಗೆ ಇನ್ನೆಷ್ಟು ಡ್ರಾಸೆರಾ ಹೋಗತ್ತೋ! ಅಡ್ಡ ಬಂದ ಹುಲ್ಲನ್ನ ಒಂದು ಕಡ್ಡಿಯಿಂದ ಬಾಗಿಸಿ ಹಿಡಿದು, ಫೋಟೋ ಆದ ಮೇಲೆ ಬಿಟ್ಟರೆ ಸಾಕು. ಅಥವಾ ಹುಲ್ಲು ಇರಲಿ ಬಿಡಿ. ಮುಂದುಗಡೆ ಒಂದು ಮಸುಕಾದ ಹುಲ್ಲಿನ ಎಸಳು ಬಂದರೆ ಆಕಾಶ ಬೀಳೋದಿಲ್ಲ. ಎಷ್ಟೋ ಸಲ ಅದೇ ಚಿತ್ರಕ್ಕೆ ಆಳ ಕೊಡತ್ತೆ.

ಒಂದು ವಿರೋಧ ಬರತ್ತೆ ಅಂತ ಗೊತ್ತು. ಜಾಗ ತೋರಿಸಿದರೆ ಕಳ್ಳರಿಗೆ ದಾರಿ ತೋರಿಸಿದ ಹಾಗಲ್ವಾ, ಆರ್ಕಿಡ್ ಕಿತ್ತು ಮಾರೋರು ಇದ್ದಾರಲ್ಲ ಅಂತ. ನಿಜ. ಆದರೆ ಎಂಥ ಜಾಗ ಅನ್ನೋದು ಬೇರೆ, ಎಲ್ಲಿ ಅನ್ನೋದು ಬೇರೆ. ಹಲಸಿನ ಮರ, ಆಳೆತ್ತರ, ತೋಟದ ನೆರಳು ಅಂತ ಚಿತ್ರ ಹೇಳಲಿ. ಎಸ್ಟೇಟಿನ ಹೆಸರು, ಗುಡ್ಡದ ಹೆಸರು, ಫೈಲಿನೊಳಗಿನ ಜಿಪಿಎಸ್ ಗುರುತು ಬೇಡ. ಐನ್ಯಾಚುರಲಿಸ್ಟ್‌ನಂಥ ತಾಣಗಳೇ ಅಪಾಯದಲ್ಲಿರೋ ಪ್ರಭೇದಗಳ ನಿಖರ ಜಾಗ ಮರೆಮಾಡ್ತಾವೆ.

ಮೊಬೈಲಿನ ಪೋರ್ಟ್ರೇಟ್ ಮೋಡ್ ಬಗ್ಗೆ ಬರೆಯದಿದ್ದರೆ ಲೇಖನ ಪೂರ್ತಿ ಆಗೋದಿಲ್ಲ. ಫೋನಿನ ನಿಜವಾದ ಲೆನ್ಸು ಕೆಲವೇ ಮಿಲಿಮೀಟರಿನದ್ದು, ಅದರಲ್ಲಿ ಸ್ಪಷ್ಟತೆಯ ದಪ್ಪ ಧಾರಾಳವಾಗಿ ಸಿಗತ್ತೆ. ಗಿಡದ ಫೋಟೋಗೆ ಅದೊಂದು ವರ. ಪುಣ್ಯಕ್ಕೆ ಸಿಕ್ಕ ಆ ಸ್ಪಷ್ಟತೆಯನ್ನ ಸಾಫ್ಟ್‌ವೇರ್ ಕೂತು ಊಹೆ ಮೇಲೆ ಮಸುಕು ಮಾಡತ್ತೆ! ಅದಕ್ಕೆ ಮನುಷ್ಯರ ಮುಖ ಗೊತ್ತು, ಕಾಫಿ ಹೂವಿನ ಕೇಸರ ಗೊತ್ತಿಲ್ಲ. ತೆಳು ಕಾಂಡ, ರೋಮ, ಬಳ್ಳಿಯ ಕುಡಿ ಎಲ್ಲ ಅರ್ಧ ಕತ್ತರಿಸಿ ಹೋಗಿರತ್ತೆ. ದಯವಿಟ್ಟು ಅದನ್ನ ಆಫ್ ಮಾಡಿ. ಹಿಂದೆ ಬರ್ತಿದ್ದ ಸಣ್ಣ ಡಿಜಿಟಲ್ ಕ್ಯಾಮೆರಾಗಳನ್ನ ನೆನಪಿಸಿಕೊಳ್ಳಿ. 2002ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ 4500 ಎರಡು ಸೆಂಟಿಮೀಟರ್ ಹತ್ತಿರಕ್ಕೆ ಫೋಕಸ್ ಮಾಡ್ತಿತ್ತು, ಮೈ ತಿರುಗಿಸಬಹುದಿತ್ತು, ನೆಲಮಟ್ಟದಲ್ಲಿಟ್ಟು ಮೇಲಿಂದ ನೋಡಬಹುದಿತ್ತು. ಸೆನ್ಸರ್ ಉಗುರಿನಷ್ಟು. ಹೂವೂ ಸ್ಪಷ್ಟ, ಹಿಂದಿನ ಗುಡ್ಡವೂ ಸುಮಾರಾಗಿ ಸ್ಪಷ್ಟ. ಆ ಕಾಲದ ಸಣ್ಣ ಸಣ್ಣ ಫೋಟೋಗಳನ್ನ ಈಗ ನೋಡಿದರೆ ಗಿಡದ ಬಗ್ಗೆ ಇವತ್ತಿನ ದೊಡ್ಡ ಕ್ಯಾಮೆರಾದ ಚಿತ್ರಗಳಿಗಿಂತ ಹೆಚ್ಚು ಹೇಳ್ತಾವೆ ಅನ್ಸತ್ತೆ. ಈಗಿನ ಫೋನುಗಳ ಅಲ್ಟ್ರಾವೈಡ್ ಮ್ಯಾಕ್ರೋ ಹೆಚ್ಚುಕಮ್ಮಿ ಅದೇ ಕೆಲಸ ಮಾಡತ್ತೆ, ಯಾರೂ ಬಳಸೋದಿಲ್ಲ ಅಷ್ಟೇ.

ಫೋಕಸ್ ಸ್ಟ್ಯಾಕಿಂಗ್ ಮಾಡಬಹುದಲ್ಲ ಅಂತ ಕೇಳ್ತೀರಿ. ಫೋಕಸ್ ಸ್ವಲ್ಪ ಸ್ವಲ್ಪ ಸರಿಸ್ತಾ ಇಪ್ಪತ್ತು ಮೂವತ್ತು ಫೋಟೋ ತೆಗೆದು ಸೇರಿಸೋದು. ಮಾಡಬಹುದು, ಮೇಲೆ ಹೇಳಿದ ಸ್ಪರ್ಧೆಯವರೂ ಒಪ್ತಾರೆ. ಆದರೆ ಮುಳ್ಳಯ್ಯನಗಿರಿಯ ಗಾಳಿಯಲ್ಲಿ ಪ್ರಯತ್ನ ಮಾಡಿ ನೋಡಿ! ಮೂವತ್ತು ಫೋಟೋದಲ್ಲಿ ಮೂವತ್ತು ಕಡೆ ಇರತ್ತೆ ಹೂವು. ತೋಟದೊಳಗೆ ಮಳೆ ನಿಂತ ಮೇಲೆ, ಅಕ್ಟೋಬರ್-ನವೆಂಬರಿನ ಬೆಳಗಿನ ಜಾವ, ಮಂಜು ಇನ್ನೂ ಎದ್ದಿಲ್ಲದಾಗ ಗಾಳಿ ಇರೋದಿಲ್ಲ. ಆಗ ಟ್ರೈಪಾಡ್ ಇಟ್ಟು ಮಾಡಿದರೆ ಕೆಲಸ ಆಗತ್ತೆ. ಸ್ಟ್ಯಾಕ್ ಮಾಡೋರೂ ಹೂವಿಗೆ ಮಾತ್ರ ಮಾಡಿ ಹಿನ್ನೆಲೆಯನ್ನ ಪಾಯಸ ಬಿಡ್ತಾರೆ ಅನ್ನೋದು ನನ್ನ ಹಳೇ ಗೋಳು, ಬಿಡಿ.

ಬೆಳಕಿನದ್ದೇ ನಿಜವಾದ ಕಷ್ಟ. ಮೂರು ಅಂತಸ್ತಿನ ನೆರಳಲ್ಲಿ ಎಫ್ 11 ಅಂದರೆ ಶಟರ್ ಬಹಳ ನಿಧಾನ. ಐಎಸ್‌ಒ ಏರಿಸೋಕೆ ಹೆದರಬೇಡಿ. ಸ್ವಲ್ಪ ಕಾಳು ಕಾಳಾದ ಸ್ಪಷ್ಟ ಚಿತ್ರ, ನುಣ್ಣಗಿರೋ ಅಲುಗಾಡಿದ ಚಿತ್ರಕ್ಕಿಂತ ಮೇಲು. ಇನ್ನು ಬಿಳಿ ಹೂವಿಗೆ ಮೀಟರ್ ನಂಬಬೇಡಿ. ಸುತ್ತ ಕಪ್ಪು ಹಸಿರು ನೋಡಿ ಅದು ಬೆಳಕು ಹೆಚ್ಚು ಕೊಡತ್ತೆ, ದಳಗಳು ಸುಣ್ಣ ಬಳಿದ ಹಾಗೆ ಸಪಾಟಾಗಿ ಹೋಗ್ತಾವೆ. ಅರ್ಧ-ಮುಕ್ಕಾಲು ಸ್ಟಾಪ್ ಕಡಿಮೆ ಮಾಡಿಕೊಳ್ಳಿ. ಬಿಸಿಲ ಚುಕ್ಕೆ ಬಿದ್ದಿದ್ದರೆ ಜೊತೆಗಿದ್ದವರಿಗೆ ಒಂದು ಬಿಳಿ ಪಂಚೆ ಹಿಡಿದು ನಿಲ್ಲೋಕೆ ಹೇಳಿ. ಇದಕ್ಕಿಂತ ಒಳ್ಳೇ ಡಿಫ್ಯೂಸರ್ ನಾನು ನೋಡಿಲ್ಲ.

ಹಾಗಂತ ಮಸುಕು ಮಾಡಲೇಬೇಡಿ ಅಂತೇನಿಲ್ಲ. ಮಳೆ ಹನಿ ಹೊತ್ತ ಪಾಚಿಯ ಕಡ್ಡಿಗಳು, ಜರೀಗಿಡದ ಸುರುಳಿ ಬಿಚ್ಚೋ ಕುಡಿ, ಇಂಥವು ಒಂದು ಗೆರೆ, ಒಂದು ಬಣ್ಣ ಇದ್ದರೆ ಸಾಕು ಅನ್ನೋ ಚಿತ್ರಗಳು. ಅಲ್ಲಿ ಎಫ್ 2.8 ಹಾಡಲಿ ಬಿಡಿ. ಆದರೆ ಅದೇ ಗಿಡದ್ದು ಇನ್ನೊಂದು ಫೋಟೋ ಎಫ್ 11ರಲ್ಲಿ, ಎರಡು ಹೆಜ್ಜೆ ಹಿಂದೆ ಬಂದು ತೆಗೆದು ಜೊತೆಗೆ ಹಾಕಿ. ಮೆಮೊರಿ ಕಾರ್ಡಿಗೆ ಈಗೇನು ಬರ. ಮೂವತ್ತಾರು ಫೋಟೋದ ರೋಲ್ ಹಾಕಿಕೊಂಡು ಹೋಗ್ತಿದ್ದ ಕಾಲದಲ್ಲಿ ಈ ಮಾತು ಹೇಳಿದ್ದರೆ ಹೊಡೀತಿದ್ರು :-)

ಈ ವಿಷಯ ಎತ್ತಿದಾಗೆಲ್ಲ ಯಾರಾದರೊಬ್ಬರು ಕೊನೆಗೆ ಕೇಳೋದು, ಹಾಗಾದ್ರೆ ಯಾವ ಲೆನ್ಸ್ ತಗೊಳ್ಳಲಿ ಅಂತ. ಇರೋ 50 ಎಂಎಂಗೆ ಒಂದು ಎಕ್ಸ್‌ಟೆನ್ಶನ್ ಟ್ಯೂಬ್ ಸಾಕು. ಉಳಿದ ದುಡ್ಡಲ್ಲಿ ನೆಲಕ್ಕೆ ಹಾಸೋಕೆ ಒಂದು ಪ್ಲಾಸ್ಟಿಕ್ ಶೀಟು, ಒಂದು ಪೊಟ್ಟಣ ಹೊಗೆಸೊಪ್ಪು, ಸ್ವಲ್ಪ ಸುಣ್ಣ ತಗೊಳ್ಳಿ. ಜೂನ್ ಆದ ಮೇಲೆ ನಮ್ಮ ಕಡೆ ಎಫ್ 11 ಹಾಕಿ ಹತ್ತು ನಿಮಿಷ ಒಂದೇ ಕಡೆ ಮಂಡಿಯೂರಿ ಕೂತರೆ ಇಂಬಳ ಮೊದಲು ನಿಮ್ಮನ್ನ ಫೋಕಸ್ ಮಾಡತ್ತೆ.